ಒಂದೇ ಫ್ಲಾಸ್ಕಿನ ಕೆಲಸ

ಅವಳು ಕೂತದ್ದನ್ನು ಕಂಡವರು ಕಡಿಮೆ. ಕಂಡವರು ಆಣೆಯಿಟ್ಟು ಹೇಳಬೇಕಾಗುತ್ತಿತ್ತು, ಇಲ್ಲದಿದ್ದರೆ ಯಾರೂ ನಂಬುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಅವಳಿಗೆಂದೇ ಒಂದು ಎತ್ತರದ ಸ್ಟೂಲು ಇತ್ತು. ಇಪ್ಪತ್ತೆಂಟು ವರ್ಷದಲ್ಲಿ ಅದರ ಮೇಲೆ ಅವಳ ಸ್ವೆಟರು ಕೂತಿತ್ತು, ಊಟದ ಡಬ್ಬಿ ಕೂತಿತ್ತು, ಅವಳು ಮಾತ್ರ ಕೂತಿರಲಿಲ್ಲ. ಊಟವನ್ನೂ ಕಿಟಕಿಯ ಹತ್ತಿರ ನಿಂತೇ ಮುಗಿಸುತ್ತಿದ್ದಳು. ಲಿಫ್ಟಿಗೆ ಕಾದವಳಲ್ಲ; ನಾಲ್ಕು ಮಹಡಿ ಮೆಟ್ಟಿಲು ಹತ್ತಿ, ಲಿಫ್ಟಿನವರು ಮೇಲೆ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು "ಬಂದ್ರಾ, ದಾರೀಲಿ ಊಟ ಗೀಟ ಆಯ್ತಾ?" ಎಂದು ಕೇಳುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವಳ ಅತ್ತೆ ಹೇಳಿದ್ದು ಮದುವೆಯಾದ ಮೂರನೆಯ ದಿನ. ಪ್ರಯೋಗಾಲಯದವರು ಅಷ್ಟುದ್ದ ಹೇಳಲು ಪುರಸೊತ್ತಿಲ್ಲದೆ ಬುಗುರಿಯಕ್ಕ ಎಂದು ಕರೆದರು. ಆ ಹೆಸರೇ ನಿಂತಿತು, ಅವಳು ನಿಲ್ಲಲಿಲ್ಲ.

ಅವಳು ತಂತ್ರಜ್ಞೆ. ಹಿಂದಿನ ಕಾಲದಲ್ಲಾಗಿದ್ದರೆ ಲ್ಯಾಬ್ ಸಹಾಯಕಿ ಎನ್ನುತ್ತಿದ್ದರು. ಹೆಸರು ದೊಡ್ಡದಾಯಿತು, ಕೆಲಸ ಅದೇ. ಅವಳ ಪಾಲಿಗೆ ಬಂದದ್ದು ಅವಳಂಥದ್ದೇ ಒಂದು ಓಡಾಡುವ ವಸ್ತುವಿನ ಬೆನ್ನು ಹತ್ತುವ ಕೆಲಸ. ಜೀವಕೋಶದೊಳಗೆ ಎನ್‌ಎಡಿ ಎಂಬ ಒಂದು ಸಹಕಿಣ್ವ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಮೊಳದುದ್ದದ ಹೆಸರಿದೆ. ಇಲ್ಲಿಯವರು ಅದನ್ನು ಹಮಾಲಿ ಎನ್ನುತ್ತಿದ್ದರು, ಹಾಗೆ ಕರೆದದ್ದು ಬುಗುರಿಯಕ್ಕನೇ. ಒಮ್ಮೆ ಶಾಲೆಯ ಮಕ್ಕಳು ಪ್ರಯೋಗಾಲಯ ನೋಡಲು ಬಂದಾಗ ಅವಳು ಹೀಗೆ ವಿವರಿಸಿದ್ದಳು: "ನಾವು ತಿಂದಿದ್ದು ಹೊಟ್ಟೇಲಿ ಕರಗಿ ಕೋಶಕ್ಕೆ ಬರುತ್ತಲ್ವಾ, ಅಲ್ಲಿ ಅದು ಮುರಿಯುವಾಗ ಎಲೆಕ್ಟ್ರಾನು ಅಂತ ಸಣ್ಣ ಸಣ್ಣ ಗಂಟು ಹೊರಗೆ ಬೀಳ್ತವೆ. ಈ ಹಮಾಲಿ ಆ ಗಂಟು ಹೊತ್ಕೊಂಡು ಶಕ್ತಿ ತಯಾರಾಗೋ ಜಾಗಕ್ಕೆ ಓಡುತ್ತೆ, ಇಳಿಸುತ್ತೆ, ಬರಿಗೈಲಿ ವಾಪಸ್ ಓಡಿಬರುತ್ತೆ. ಒಂದು ಕ್ಷಣ ಕೂರಲ್ಲ." ಹಿಂದಿನ ಸಾಲಿನ ಒಬ್ಬ ಹುಡುಗಿ, "ಕೂತ್ರೆ ಏನಾಗುತ್ತೆ?" ಎಂದು ಕೇಳಿದಳು. "ನೀನು ಇರಲ್ಲ," ಎಂದಳು ಬುಗುರಿಯಕ್ಕ. ಮಕ್ಕಳು ನಕ್ಕರು. ಟೀಚರ್ ನಗಲಿಲ್ಲ.

ವಯಸ್ಸಾದಂತೆ ಈ ಹಮಾಲಿಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದು ಪ್ರಯೋಗಾಲಯದ ಮುಖ್ಯ ಪ್ರಶ್ನೆ. ಹನ್ನೆರಡು ವರ್ಷದ ಹಿಂದೆ ಇಲ್ಲಿಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಅದಕ್ಕೆ ಉತ್ತರ ಪ್ರಕಟಿಸಿದ್ದರು. ಎಳೆಯ ಇಲಿಯ ಲಿವರಿನಲ್ಲಿ ನೂರಿದ್ದದ್ದು ನಡುವಯಸ್ಸಿಗೆ ಎಂಬತ್ತಾಗುತ್ತದೆ, ಮುಪ್ಪಿಗೆ ಅರವತ್ತಕ್ಕೆ ಇಳಿಯುತ್ತದೆ ಎಂದು. ಮೂರು ಚುಕ್ಕಿ, ಅವುಗಳನ್ನು ಕೂಡಿಸುವ ಒಂದು ಇಳಿಜಾರಿನ ಗೆರೆ. ಆ ಗೆರೆಗೆ ಚೌಕಟ್ಟು ಹಾಕಿಸಿ ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದ್ದರು. ಬೇರೆ ಊರಿನ ಪ್ರಯೋಗಾಲಯಗಳಲ್ಲಿ ಇಳಿಕೆ ಇಷ್ಟು ಕಾಣಲಿಲ್ಲ. ಅವರು ಪತ್ರ ಬರೆದು ಕೇಳಿದರೆ ದೊಡ್ಡ ಮೇಡಂ ನಗುತ್ತಾ, "ಅವರ ಹತ್ರ ಬುಗುರಿಯಕ್ಕ ಇಲ್ವಲ್ಲ," ಎನ್ನುತ್ತಿದ್ದರು.

ಅದು ಬರಿಯ ಹೊಗಳಿಕೆಯಲ್ಲ. ಈ ಕೆಲಸದಲ್ಲಿ ಎಲ್ಲ ನಿಂತಿರುವುದು ಕೈಯ ಮೇಲೆ. ಲಿವರಿನ ತುಂಡನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸಿ ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಅಳೆಯುವ ದಿನ ಅದನ್ನು ತೆಗೆದು, ಪಿಂಗಾಣಿಯ ಕುಟ್ಟಾಣಿಯಲ್ಲಿ ಹಾಕಿ, ಮೇಲೆ ದ್ರವ ನೈಟ್ರೋಜನ್ ಸುರಿಯುತ್ತಾ ಹಿಟ್ಟಿನಂತೆ ಅರೆಯಬೇಕು, ಅರೆದದ್ದನ್ನು ಕೂಡಲೇ ಆಮ್ಲದ ಟ್ಯೂಬಿಗೆ ಹಾಕಬೇಕು. ನೈಟ್ರೋಜನ್ ಎಂದರೆ ಐಸು ಕೂಡ ಅದರ ಮುಂದೆ ಬಿಸಿನೀರು, ಅಷ್ಟು ತಣ್ಣಗಿನ ದ್ರವ. ಹೊಗೆಯಾಡುತ್ತಾ ನೋಡನೋಡುತ್ತಲೇ ಆರಿಹೋಗುತ್ತದೆ. ಅರೆಯುವಾಗ ತುಂಡು ಒಂದಿಷ್ಟು ಬೆಚ್ಚಗಾದರೂ ಕೆಟ್ಟಿತು. ಕೋಶದೊಳಗೆ ಮಲಗಿದ್ದ ಕಿಣ್ವಗಳು ಎಚ್ಚೆತ್ತು ಹಮಾಲಿಯನ್ನೇ ತಿಂದುಹಾಕುತ್ತವೆ. ಬೇರೆಯವರು ಒಂದು ತುಂಡಿಗೆ ತೆಗೆದುಕೊಳ್ಳುವ ಹೊತ್ತಿನಲ್ಲಿ ಬುಗುರಿಯಕ್ಕ ಮೂರು ಅರೆಯುತ್ತಿದ್ದಳು.

ಅವಳಿಗೆ ಇನ್ನೊಂದು ಹೆಮ್ಮೆಯಿತ್ತು. ಇಪ್ಪತ್ನಾಲ್ಕು ತುಂಡನ್ನೂ ಒಂದೇ ಫ್ಲಾಸ್ಕ್ ನೈಟ್ರೋಜನ್‌ನಲ್ಲಿ ಮುಗಿಸುತ್ತಿದ್ದಳು. ನೈಟ್ರೋಜನ್ನಿನ ದೊಡ್ಡ ಟ್ಯಾಂಕು ಇದ್ದದ್ದು ಅಂಗಳದಾಚೆಯ ಕಟ್ಟಡದಲ್ಲಿ. ಅಲ್ಲಿ ಆರು ಪ್ರಯೋಗಾಲಯದವರು ಫ್ಲಾಸ್ಕ್ ಹಿಡಿದು ಸಾಲಾಗಿ ನಿಲ್ಲಬೇಕು. ಟ್ಯಾಂಕಿನವನು ಕೈಗವಸು ಹಾಕಿಕೊಂಡು, ಕನ್ನಡಕ ಒರೆಸಿಕೊಂಡು, ಕವಾಟವನ್ನು ಕೂಲಂಕಷವಾಗಿ ವಿಚಾರಿಸಿಕೊಂಡು ತುಂಬಿಸುವವನು. ಅಂಗಳವನ್ನು ಹತ್ತು ಸಲ ದಾಟು ಎಂದರೆ ಬುಗುರಿಯಕ್ಕ ಹನ್ನೊಂದು ಸಲ ದಾಟುತ್ತಿದ್ದಳು. ಸಾಲಿನಲ್ಲಿ ನಿಲ್ಲು ಎಂದರೆ ಮಾತ್ರ ಅವಳಿಂದಾಗುತ್ತಿರಲಿಲ್ಲ. ಬೆಳಿಗ್ಗೆ ಒಂದು ಸಲ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು, ಎರಡನೆಯ ಸಲದ ಮಾತೇ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಇದನ್ನು ಎಲ್ಲರೂ ಮಿತವ್ಯಯವೆಂದು ಮೆಚ್ಚಿಕೊಂಡರು, ಅವಳೂ ಹಾಗೆಯೇ ನಂಬಿಕೊಂಡಳು.

ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮನೆ ಎಂಬ ಶಬ್ದ ಕೇಳಿದರೇ ಅವಳಿಗೆ ಉಸಿರು ಕಟ್ಟುತ್ತಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ಗಂಡ. ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವವನು, ಬೆಳಿಗ್ಗೆ ಅಂಟಿನ ಬಟ್ಟಲ ಮುಂದೆ ಕೂತರೆ ಸಂಜೆ ಏಳುವವನು. ದೇವರು ಗಂಟು ಹಾಕುವಾಗ ತಮಾಷೆ ಮಾಡಿದ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಹಾಗಾಗಿ ಎರಡು ವರ್ಷ ಕೆಲಸ ಮುಂದುವರಿಸಲು ಅವಳು ಅರ್ಜಿ ಹಾಕಿದ್ದಳು. ದೊಡ್ಡ ಮೇಡಂ ಶಿಫಾರಸು ಬರೆದು ಮೇಜಿನ ಮೇಲೆ ಇಟ್ಟಿದ್ದರು, ಮೇಲಿನವರಿಗೆ ಕಳಿಸುವುದೊಂದು ಬಾಕಿ. ಅದರಲ್ಲಿ "ಇವರ ಕೈಗೆ ಸಾಟಿಯಿಲ್ಲ" ಎಂಬ ಸಾಲನ್ನು ಬುಗುರಿಯಕ್ಕ ತಲೆಕೆಳಗಾಗಿಯೇ ಓದಿಬಿಟ್ಟಿದ್ದಳು.

ಅಷ್ಟರಲ್ಲಿ ಕಾಲು ಉಳುಕಿತು. ಎರಡೆರಡು ಮೆಟ್ಟಿಲು ಹಾರಿ ಇಳಿಯುವಾಗ ಒಂದು ತಪ್ಪಿತು. ಡಾಕ್ಟರು ಮೂರು ವಾರ ಅಲುಗಾಡಬಾರದು ಎಂದರು.

ಆ ಮೂರು ವಾರ ಮನೆಯಲ್ಲಿ ಏನಾಯಿತೆಂಬುದನ್ನು ಗಂಡ ಇವತ್ತಿಗೂ ಪೂರ್ತಿ ಹೇಳುವುದಿಲ್ಲ. ಮಂಚದ ಮೇಲಿಂದಲೇ ಅವಳು ಅವನ ಅಂಟು ಗಟ್ಟಿಯಾಯಿತು, ದಾರ ಸಡಿಲವಾಯಿತು, ಗೋಂದಿನ ವಾಸನೆಗೆ ತಲೆ ನೋಯುತ್ತದೆ ಎಂದು ಲೋಕದ ಊನಗಳನ್ನೆಲ್ಲ ಎಣಿಸಿದಳು. ಹತ್ತನೆಯ ದಿನ ಅವನು ಹೇಳಿದ, "ನೀನು ಕೂತಿದ್ರೂ ಓಡಾಡ್ತಾನೇ ಇರ್ತೀಯಲ್ಲೇ. ಸದ್ದು ಮಾತ್ರ ಬಾಯಿಂದ ಬರುತ್ತೆ."

ಅವಳು ಇಲ್ಲದಾಗ ಪ್ರಯೋಗಾಲಯದಲ್ಲಿ ಅರೆಯುವ ಕೆಲಸ ನಿಧಾನಿಯ ಪಾಲಿಗೆ ಬಂತು. ನಿಧಾನಿ ಎಂದರೆ ಐದನೆಯ ವರ್ಷದ ಸಂಶೋಧನಾ ವಿದ್ಯಾರ್ಥಿನಿ. ಆ ಹುಡುಗಿ ಟೊಪ್ಪಿಗೆಯಿಂದ ಕೈಗವಸಿನವರೆಗೆ ಎಲ್ಲವನ್ನೂ ಎರಡು ಸಲ ನೋಡಿಕೊಳ್ಳದೆ ಏನನ್ನೂ ಮುಟ್ಟುವವಳಲ್ಲ. ಹೆಸರು ಇಟ್ಟದ್ದು, ಹೇಳಬೇಕಾಗಿಲ್ಲ, ಬುಗುರಿಯಕ್ಕ. ಹುಡುಗಿಯ ಪ್ರಬಂಧ ಇದೇ ಇಳಿಕೆಯ ಮೇಲೆ ನಿಂತಿತ್ತು: ಇಳಿದ ಹಮಾಲಿಗಳನ್ನು ಮತ್ತೆ ಏರಿಸುವುದು ಹೇಗೆ ಎಂದು. ಅದಕ್ಕೆ ಮೊದಲು ಇಳಿಕೆಯನ್ನು ತನ್ನ ಇಲಿಗಳಲ್ಲಿ ತೋರಿಸಬೇಕಿತ್ತು. ಪ್ರತಿ ಲಿವರನ್ನೂ ನಾಲ್ಕು ತುಂಡು ಮಾಡಿ ಇಟ್ಟಿದ್ದರಿಂದ ಮೊದಲನೆಯ ತುಂಡನ್ನು ಅವಳು ಅರೆದಳು. ಮೂರು ಸಲ ಅಂಗಳ ದಾಟಿ, ಮೂರು ಸಲ ಸಾಲಿನಲ್ಲಿ ನಿಂತು, ಮೂರು ಫ್ಲಾಸ್ಕ್ ಖರ್ಚು ಮಾಡಿದಳು. ಫಲಿತಾಂಶ ಬಂತು. ಮುದಿ ಇಲಿಗಳಲ್ಲಿ ಇಳಿಕೆ ಇತ್ತು, ಆದರೆ ನೂರಕ್ಕೆ ಎಂಟು. ನಲವತ್ತು ಎಲ್ಲಿ, ಎಂಟು ಎಲ್ಲಿ.

ಬುಗುರಿಯಕ್ಕ ಕುಂಟುತ್ತಾ ವಾಪಸು ಬಂದ ದಿನವೇ ದೊಡ್ಡ ಮೇಡಂ ಕರೆದರು. ಹುಡುಗಿ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

"ಎರಡನೇ ತುಂಡು ನೀವೇ ಅರೀರಿ," ಎಂದರು ಮೇಡಂ. "ಇವಳ ಕೈ ಇನ್ನೂ ಪಳಗಿಲ್ಲ."

"ನಾನು ಪ್ರೋಟೋಕಾಲ್ ಪ್ರಕಾರಾನೇ ಮಾಡಿದ್ದೆ ಮೇಡಂ," ಎಂದಳು ನಿಧಾನಿ.

"ಪ್ರಕಾರ ಮಾಡೋದು ಬೇರೆ, ಮಾಡೋದು ಬೇರೆ."

ಹೊರಗೆ ಬಂದ ಮೇಲೆ ಬುಗುರಿಯಕ್ಕ ಹುಡುಗಿಯ ಬೆನ್ನು ತಟ್ಟಿದಳು. "ಬೇಜಾರು ಮಾಡ್ಕೋಬೇಡ್ವೇ. ಕುಣಿಯೋಕೆ ಬರದಿದ್ರೆ ನೆಲ ಡೊಂಕು ಅನ್ನೋರು ಇರ್ತಾರೆ, ನೀನು ಹಂಗಲ್ಲ. ನಾನು ಕಲಿಸ್ತೀನಿ." ಒಳಗೊಳಗೇ ಅವಳಿಗೆ ಖುಷಿಯಾಗಿತ್ತು. ಮೂರು ವಾರ ಇಲ್ಲದಿದ್ದರೆ ಈ ಗತಿ, ಇನ್ನು ನಿವೃತ್ತಿಯಾದರೆ ಹೇಗೆ ಎಂದು ಮೇಲಿನವರೂ ನೋಡಲಿ ಎಂದುಕೊಂಡಳು. ಶಿಫಾರಸಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಮರುದಿನ ಅರೆಯಲು ನಿಂತಳು. ಪಟ್ಟಿಯ ಪ್ರಕಾರ ಮೊದಲು ಎಂಟು ಎಳೆಯವು, ಆಮೇಲೆ ಎಂಟು ನಡುವಯಸ್ಸಿನವು, ಕೊನೆಗೆ ಎಂಟು ಮುದಿಯವು. ಪಟ್ಟಿ ಯಾವಾಗಲೂ ಹಾಗೆಯೇ ಬರೆಯುತ್ತಿದ್ದರು. ವಯಸ್ಸನ್ನು ಯಾರಾದರೂ ಹಿಂದುಮುಂದಾಗಿ ಬರೆಯುತ್ತಾರೆಯೇ. ಅರೆದ ಮೇಲೆ ಟ್ಯೂಬುಗಳಿಗೆ ಗುಪ್ತ ಸಂಖ್ಯೆ ಹಾಕಿ ಅದಲುಬದಲು ಮಾಡಿಡುತ್ತಿದ್ದರು, ಯಂತ್ರದಲ್ಲಿ ಅಳೆಯುವವರಿಗೆ ಯಾವುದು ಎಳೆಯದು ಯಾವುದು ಮುದಿಯದು ಎಂದು ತಿಳಿಯಬಾರದೆಂದು. ಅರೆಯುವ ಮೇಜಿನ ಕಡೆ ಯಾರೂ ತಲೆ ಹಾಕಿರಲಿಲ್ಲ. ಅದು ಬುಗುರಿಯಕ್ಕನ ರಾಜ್ಯ.

ಉಳುಕಿದ ಕಾಲು ಇನ್ನೂ ನೋಯುತ್ತಿತ್ತು. ಎಂದಿನ ಹಾಗೆ ಮೇಜಿನ ಸುತ್ತ ಸುತ್ತಲಾಗದೆ ಒಂದೇ ಕಡೆ ನಿಂತು ಅರೆಯಬೇಕಾಯಿತು. ಕಾಲು ನಿಂತದ್ದಕ್ಕೋ ಏನೋ, ಕಿವಿ ತೆರೆಯಿತು. ಎಳೆಯ ತುಂಡುಗಳು ಗಾಜು ಪುಡಿಯಾದಂತೆ ಸದ್ದು ಮಾಡಿದವು. ನಡುವಯಸ್ಸಿನವು ಒಣ ರವೆಯಂತೆ. ಹದಿನೆಂಟನೆಯ ತುಂಡಿನ ಹೊತ್ತಿಗೆ ಸದ್ದು ಮೆತ್ತಗಾಯಿತು, ಒದ್ದೆ ಸಕ್ಕರೆ ಅರೆದ ಹಾಗೆ. ಈ ಮೆತ್ತನೆಯ ಸದ್ದು ಅವಳಿಗೆ ಹೊಸದಲ್ಲ. ಮುದಿ ಲಿವರು ಮೆತ್ತಗಿರುತ್ತದೆ ಎಂಬುದು ಅವಳದೇ ಮಾತು, ಬಂದ ವಿದ್ಯಾರ್ಥಿಗಳಿಗೆಲ್ಲ ಹೇಳಿಕೊಟ್ಟದ್ದು. ಒಬ್ಬ ಅದನ್ನು ತನ್ನ ಪ್ರಬಂಧದಲ್ಲೂ ಬರೆದಿದ್ದ. ಅಭ್ಯಾಸಬಲದಿಂದ ಫ್ಲಾಸ್ಕನ್ನು ಎತ್ತಿ ಬಗ್ಗಿಸಿದಳು. ಸುರಿದದ್ದು ಒಂದು ಚಮಚದಷ್ಟು. ಒಳಗೆ ಇಣುಕಿದಳು, ತಳ ಕಾಣುತ್ತಿತ್ತು.

ಇಪ್ಪತ್ನಾಲ್ಕನ್ನೂ ಮುಗಿಸಿದಳು. ಕೈ ತೊಳೆಯಲು ಹೋಗುವಾಗ ಬಾಗಿಲ ಪಕ್ಕದ ಚೌಕಟ್ಟು ಕಣ್ಣಿಗೆ ಬಿತ್ತು. ಮೊದಲ ಚುಕ್ಕಿ ಮೇಲೆ, ಎರಡನೆಯದು ನಡುವೆ, ಮೂರನೆಯದು ಕೆಳಗೆ. ಬೆಳಿಗ್ಗೆ ತುಂಬಿದ ಫ್ಲಾಸ್ಕು ಮಧ್ಯಾಹ್ನಕ್ಕೆ ಅರ್ಧ, ಆಮೇಲೆ ತಳ. ಆ ಗೆರೆ ಇಲಿಯ ವಯಸ್ಸಿನದಲ್ಲ, ತನ್ನ ಫ್ಲಾಸ್ಕಿನದು ಎಂಬ ಯೋಚನೆ ಬಂತು, ಬಂದದ್ದು ಹೋಗಲಿಲ್ಲ.

ಎರಡನೆಯ ತುಂಡಿನ ಫಲಿತಾಂಶ ನೂರು, ಎಂಬತ್ತು, ಅರವತ್ತೊಂದು. ದೊಡ್ಡ ಮೇಡಂ ಮುಖ ಅರಳಿತು. "ನೋಡಿದ್ಯಾ?" ಎಂದರು ನಿಧಾನಿಗೆ. ಮೊದಲ ತುಂಡಿನ ಸಂಖ್ಯೆಗಳ ಪಕ್ಕದಲ್ಲಿ "ನನ್ನ ಕೈತಪ್ಪಿನಿಂದ ಕೆಟ್ಟ ಮಾದರಿಗಳು" ಎಂದು ಬರೆದು ಸಹಿ ಹಾಕುವಂತೆ ಹೇಳಿದರು. ಹುಡುಗಿ ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಬಹಳ ನಿಧಾನವಾಗಿ ಸಹಿ ಹಾಕಿದಳು. ಇನ್ನು ಬುಗುರಿಯಕ್ಕನ ಹತ್ತಿರ ಕೈ ಪಳಗಿಸಿಕೊಳ್ಳದೆ ಪ್ರಬಂಧ ಮುಂದೆ ಹೋಗುವಂತಿಲ್ಲ ಎಂದು ತೀರ್ಮಾನವಾಯಿತು.

ಶನಿವಾರ ಪ್ರಯೋಗಾಲಯದಲ್ಲಿ ಜನ ಕಡಿಮೆ. ಬುಗುರಿಯಕ್ಕ ಮೂರನೆಯ ತುಂಡುಗಳನ್ನು ತೆಗೆದಳು, ಪಟ್ಟಿಯನ್ನು ತಿರುಗಿಸಿಟ್ಟಳು. ಮುದಿಯವು ಮೊದಲು, ಎಳೆಯವು ಕೊನೆಗೆ. ಫ್ಲಾಸ್ಕು ಒಂದೇ. ಅರೆದಳು, ಕೊನೆಯಲ್ಲಿ ಎಳೆಯ ಲಿವರು ಒದ್ದೆ ಸಕ್ಕರೆಯಂತೆ ಸದ್ದು ಮಾಡಿತು. ಅಳತೆಯನ್ನೂ ತಾನೇ ಮಾಡಿದಳು. ಮುದಿಯವು ತೊಂಬತ್ತು ದಾಟಿದವು, ಎಳೆಯವು ಅರವತ್ತಮೂರಕ್ಕೆ ಬಿದ್ದವು. ಮೂರೂವರೆ ತಿಂಗಳ ಇಲಿಗಳು ಒಂದೇ ದಿನದಲ್ಲಿ ಮುದಿಯಾಗಿದ್ದವು. ಅಳತೆಯ ಹಾಳೆಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು.

ಹೇಳಬೇಕು ಎಂದುಕೊಂಡು ಸೋಮವಾರ ಮೇಡಂ ಕೋಣೆಯವರೆಗೆ ಹೋದಳು. ಮೇಜಿನ ಮೇಲೆ ಅದೇ ಶಿಫಾರಸು ಪತ್ರ. ಪೇಪರ್‌ವೇಟಿನ ಅಡಿಯಲ್ಲಿ ಅವಳ ಎರಡು ವರ್ಷ ತಣ್ಣಗೆ ಮಲಗಿತ್ತು. "ಏನು ಬುಗುರಿಯಕ್ಕ?" ಎಂದರು ಮೇಡಂ. "ಏನಿಲ್ಲ, ಐಸ್ ಯಂತ್ರ ಸದ್ದು ಮಾಡ್ತಿದೆ," ಎಂದು ಬಂದುಬಿಟ್ಟಳು. ಐಸ್ ಯಂತ್ರ ಪಾಪ, ತನ್ನ ಪಾಡಿಗೆ ತಾನು ಚೆನ್ನಾಗಿಯೇ ಇತ್ತು. ರಿಪೇರಿಯವನು ಬಂದು ಅರ್ಧ ದಿನ ಅದನ್ನು ಬಿಚ್ಚಿ ನೋಡಿ, ಏನೂ ಸಿಗದೆ ಹೋದ.

ಆ ವಾರದಿಂದ ನಿಧಾನಿಗೆ ತರಬೇತಿ. ಬೇರೆ ಇಲಿಗಳ ಹೆಚ್ಚುವರಿ ತುಂಡುಗಳನ್ನು ಕೊಟ್ಟು, ಎಳೆಯದರಿಂದ ಮುದಿಯವರೆಗೆ ಒಂದೇ ಫ್ಲಾಸ್ಕಿನಲ್ಲಿ ಮುಗಿಸುವುದನ್ನು ಕಲಿಸಬೇಕಿತ್ತು. ಹುಡುಗಿ ಪ್ರತಿ ತುಂಡಿಗೂ ಕುಟ್ಟಾಣಿ ತುಂಬ ನೈಟ್ರೋಜನ್ ಸುರಿಯುತ್ತಿದ್ದಳು, ಅದು ಕುದ್ದು ಆರುವುದನ್ನು ಕಾದು ಮತ್ತೆ ಸುರಿಯುತ್ತಿದ್ದಳು. ಸರಿಯಾದ ಕೆಲಸ ಅದೇ. ಬುಗುರಿಯಕ್ಕ ಅವಳ ಮುಂಗೈ ಹಿಡಿದು, "ಇಷ್ಟು ಬೇಡ ಕಣೇ, ಸ್ವಲ್ಪ ಸಾಕು, ಬೇಗ ಬೇಗ," ಎನ್ನುತ್ತಿದ್ದಳು. ಹಾಗೆ ಹೇಳುವಾಗ ಅವಳಿಗೆ ತನ್ನ ನಾಲಿಗೆ ಬೇರೆ ಯಾರದೋ ಅನ್ನಿಸುತ್ತಿತ್ತು.

ನಿದ್ದೆ ಹೋಯಿತು, ಊಟ ಸೇರಲಿಲ್ಲ. ನಡೆಯುವುದು ಮಾತ್ರ ಹೆಚ್ಚಾಯಿತು. ಬಸ್ಸು ಬಿಟ್ಟು ನಡೆದೇ ಬರತೊಡಗಿದಳು, ಕಾರಿಡಾರಿನಲ್ಲಿ ಕಾರಣವಿಲ್ಲದೆ ಆ ತುದಿಯಿಂದ ಈ ತುದಿಗೆ ಹೋದಳು. ಯಾರಾದರೂ ಫ್ಲಾಸ್ಕು ಎಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬೆಚ್ಚಿ ತಿರುಗುತ್ತಿದ್ದಳು. ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಎಂಟಾದರೂ ಇಳಿಕೆ ಇದೆಯಲ್ಲ, ಪೂರ್ತಿ ಸುಳ್ಳೇನಲ್ಲ. ಎರಡು ವರ್ಷ ಕಳೆಯಲಿ, ಹೊರಟು ಹೋಗುವ ದಿನ ಹೇಳಿಬಿಟ್ಟರಾಯಿತು. ಮರುಕ್ಷಣವೇ ಆ ಹುಡುಗಿ ಕ್ಯಾಪು ಬಿಚ್ಚಿ ಸಹಿ ಹಾಕಿದ್ದು ನೆನಪಾಗಿ ಮೈ ಉರಿಯುತ್ತಿತ್ತು.

ಒಂದು ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಒಂದು ದಪ್ಪ ಪ್ರಬಂಧದ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದ. ಪೂರ್ತಿ ಕೇಳಿಸಿಕೊಂಡು, "ಹೇಳಿದ್ರೆ ನಿನ್ನ ಎರಡು ವರ್ಷ ಹೋಗುತ್ತಾ?" ಎಂದ.

"ಹೋಗುತ್ತೆ."

"ಹಂಗಾದ್ರೆ ನನ್ನ ಕೇಳಬೇಡ. ನೀನು ಮನೇಲಿದ್ರೆ ನನಗೆ ಎಷ್ಟು ಕಷ್ಟ ಅಂತ ಮೂರು ವಾರ ನೋಡಿದೀನಿ. ನನ್ನ ಮಾತು ನಂಬೋ ಹಂಗಿಲ್ಲ."

"ರೀ, ನಾನು ತಮಾಷೆ ಮಾಡ್ತಿಲ್ಲ."

"ನಾನೂ ಮಾಡ್ತಿಲ್ಲ," ಎಂದ ಅವನು. ಬಟ್ಟೆಯ ಸುಕ್ಕನ್ನು ಹೆಬ್ಬೆರಳಿಂದ ಒತ್ತಿ ತೆಗೆದು, "ಆದ್ರೆ ಒಂದು ಹೇಳ್ತೀನಿ. ಮೊನ್ನೆಯಿಂದ ನೀನು ನನ್ನ ಒಂದು ಸಲಾನೂ ಬೈದಿಲ್ಲ. ನನಗೆ ಭಯ ಆಗ್ತಿದೆ," ಎಂದ.

ಶನಿವಾರದ ಪರೀಕ್ಷೆಯಾಗಿ ಒಂಬತ್ತನೆಯ ದಿನ, ಅವಳು ಮೆಟ್ಟಿಲು ಹತ್ತಿ ಬರುವುದಕ್ಕೂ ನಿಧಾನಿ ಓಡಿಬರುವುದಕ್ಕೂ ಸರಿಹೋಯಿತು. ಆ ಹುಡುಗಿ ಓಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಕೈಯಲ್ಲಿ ಯಂತ್ರದ ಹಾಳೆ ಇತ್ತು.

"ಅಕ್ಕ, ನಂಗೂ ಬಂತು," ಎಂದಳು. "ನೂರು, ಎಪ್ಪತ್ತೊಂಬತ್ತು, ಅರವತ್ತಮೂರು. ಒಂದೇ ಫ್ಲಾಸ್ಕು. ನನ್ನ ಕೈಲಿ ಆಗಲ್ಲ ಅಂತ ಊರಿಗೆ ಹೋಗಿಬಿಡೋಣ ಅಂದ್ಕೊಂಡಿದ್ದೆ. ಮೊನ್ನೆ ಅಪ್ಪನಿಗೂ ಹೇಳಿದ್ದೆ, ಓದು ಬಿಡ್ತೀನಿ ಅಂತ." ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮಿಂದ ಅಕ್ಕ. ನೀವು ಕಲಿಸಿದ್ದಕ್ಕೆ."

ಬುಗುರಿಯಕ್ಕ ಹುಡುಗಿಯ ಕೈಯಿಂದ ಹಾಳೆ ಕಿತ್ತುಕೊಂಡು, ಅವಳ ಮುಂಗೈ ಹಿಡಿದು, ಕಾರಿಡಾರಿನುದ್ದಕ್ಕೂ ಎಳೆದುಕೊಂಡೇ ಹೋದಳು. ದೊಡ್ಡ ಮೇಡಂ ಫೋನಿನಲ್ಲಿದ್ದರು. "ಇಡಿ ಮೇಡಂ," ಎಂದಳು. ಮೇಡಂ ಬೆರಗಾಗಿ ಫೋನು ಇಟ್ಟರು.

ಪರ್ಸಿನಲ್ಲಿದ್ದ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಇಟ್ಟಳು. ಪಟ್ಟಿ ತಿರುಗಿಸಿದ್ದು, ಫ್ಲಾಸ್ಕಿನ ತಳ, ಒದ್ದೆ ಸಕ್ಕರೆಯ ಸದ್ದು, ಎಲ್ಲ ಹೇಳಿದಳು. ಸಾಲಿನಲ್ಲಿ ನಿಲ್ಲಲಾರದೆ ಎರಡನೆಯ ಫ್ಲಾಸ್ಕ್ ತರುತ್ತಿರಲಿಲ್ಲ ಎಂಬುದನ್ನೂ ಬಿಡಲಿಲ್ಲ. ಕೊನೆಗೆ, "ಇವಳ ಎಂಟೇ ಸರಿ ಮೇಡಂ. ನನ್ನ ನಲವತ್ತು ಕೆಟ್ಟದ್ದು," ಎಂದಳು.

ದೊಡ್ಡ ಮೇಡಂ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. ಅವರಿಗೂ ಅರವತ್ತರ ಹತ್ತಿರ. ಇಬ್ಬರೂ ಒಂದೇ ವರ್ಷ ಈ ಕಟ್ಟಡಕ್ಕೆ ಕಾಲಿಟ್ಟವರು.

"ಹನ್ನೆರಡು ವರ್ಷ," ಎಂದರು. "ವಯಸ್ಸಿನ ಬಗ್ಗೆ ನಾವು ಬರೆದಿದ್ದರಲ್ಲಿ ಇನ್ನು ಉಳಿದಿದ್ದೇನು?"

"ವಯಸ್ಸೊಂದು ಉಳೀತು ಮೇಡಂ. ನಮ್ಮಿಬ್ಬರದ್ದು."

ಮೇಡಂ ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಪ್ರಕಟಿಸಿದ್ದನ್ನು ಹಿಂತೆಗೆದುಕೊಳ್ಳುತ್ತೇವೆಂದು ಆ ವಿಜ್ಞಾನ ಪತ್ರಿಕೆಗೆ ಬರೆಯಬೇಕು, ಅದಕ್ಕೆ ಮೊದಲು ನಾಲ್ಕನೆಯ ತುಂಡನ್ನು ಪಟ್ಟಿಯ ಕ್ರಮ ಅದಲುಬದಲು ಮಾಡಿ, ನೈಟ್ರೋಜನ್ ಧಾರಾಳವಾಗಿ ಹಾಕಿ ಅರೆದು ನೋಡಬೇಕು ಎಂದರು. "ಪತ್ರದಲ್ಲಿ ತಾಂತ್ರಿಕ ದೋಷ ಅಂತ ಹಾಕೋಣ. ನಿಮ್ಮ ಹೆಸರು ಬೇಡ. ಪಟ್ಟಿ ನೋಡಿ ಸಹಿ ಹಾಕ್ತಿದ್ದವಳು ನಾನು, ಕೇಳಬೇಕಾಗಿದ್ದವಳೂ ನಾನೇ."

"ಹಾಕಿ ಮೇಡಂ. ಅರೆದಿದ್ದು ಯಾರು ಅಂತ ಇರಲಿ. ಇಷ್ಟು ವರ್ಷ ಪೇಪರಿನಲ್ಲಿ ಹೆಸರು ಹಾಕಿ ಅಂತ ಕೇಳಿರಲಿಲ್ಲ, ಈಗ ಕೇಳ್ತಿದೀನಿ."

ಮೇಡಂ ಪೇಪರ್‌ವೇಟಿನ ಅಡಿಯ ಪತ್ರವನ್ನು ತೆಗೆದು ಡ್ರಾಯರಿಗೆ ಹಾಕಿದರು. "ಇದನ್ನ ಈಗ ಕಳಿಸೋಕಾಗಲ್ಲ," ಎಂದರು ಮೆಲ್ಲಗೆ.

"ಗೊತ್ತು," ಎಂದಳು ಬುಗುರಿಯಕ್ಕ.

ಹೊರಗೆ ಕಾರಿಡಾರಿನಲ್ಲಿ ನಿಧಾನಿ ಗೋಡೆಗೆ ಒರಗಿ ನಿಂತಳು. ಈಗ ಕೇಳಿದಳು, "ಶನಿವಾರಾನೇ ಗೊತ್ತಿತ್ತಾ?"

"ಹೂಂ."

"ಆಮೇಲೆ ನನಗೆ ಕಲಿಸಿದ್ರಿ. ಸರಿಯಾಗಿದ್ದ ಕೈಯನ್ನ ದಿನಾ ಹಿಡಿದು ಹಿಡಿದು ಕೆಡಿಸಿದ್ರಿ."

"ಹೌದು ಕಣೇ. ಗೊತ್ತಿದ್ದೂ ಕೆಡಿಸ್ದೆ. ಎರಡು ವರ್ಷದ ಆಸೆಗೆ."

ಹುಡುಗಿಗೆ ಕೋಪ ಬರುವುದೂ ನಿಧಾನ. ಬಂದ ಮೇಲೆ ಅದು ಗಟ್ಟಿಯಾಗಿತ್ತು. "ನಾಳೆ ನಾಲ್ಕನೇ ತುಂಡು ನಾನೇ ಅರೀತೀನಿ. ನೀವು ಬರಬೇಡಿ ಅಕ್ಕ," ಎಂದು ಹೇಳಿ ಹೊರಟುಹೋದಳು.

ಮರುದಿನ ಬುಗುರಿಯಕ್ಕ ರಜೆ ಹಾಕಿದಳು. ಬೆಳಿಗ್ಗೆಯಿಂದ ಎರಡು ಕೋಣೆಯ ನಡುವೆ ಎಷ್ಟು ಸಲ ತಿರುಗಿದಳೋ ಲೆಕ್ಕವಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಈಗ ಹುಡುಗಿ ಟ್ಯಾಂಕಿನ ಸಾಲಿನಲ್ಲಿ ನಿಂತಿರುತ್ತಾಳೆ, ಈಗ ಒಂಬತ್ತನೆಯ ತುಂಡು, ಈಗ ಎರಡನೆಯ ಫ್ಲಾಸ್ಕು ಎಂದು ಗೋಡೆಯ ಗಡಿಯಾರಕ್ಕೆ ಹೇಳುತ್ತಿದ್ದಳು. ಒಂದು ಕ್ಷಣ ಅವಳ ಮನಸ್ಸಿನ ಯಾವುದೋ ಮೂಲೆಯಲ್ಲಿ, ಇವತ್ತೂ ಅರವತ್ತೇ ಬರಲಿ, ತಾನೇ ಸರಿಯಾಗಿರಲಿ ಎಂಬ ಆಸೆ ಎದ್ದಿತು. ಅದಕ್ಕೆ ನಾಚಿಕೆಯಾಗಿ ಹೋಗಿ ಮುಖ ತೊಳೆದುಕೊಂಡಳು.

ಮಧ್ಯಾಹ್ನ ನಾಲ್ಕಕ್ಕೆ ಫೋನಿಗೆ ಸಂದೇಶ ಬಂತು. ನಿಧಾನಿಯದು. ನಮಸ್ಕಾರವಿಲ್ಲ, ಅಕ್ಕ ಎಂಬುದೂ ಇಲ್ಲ. ಬರಿಯ ಒಂದು ಸಂಖ್ಯೆ.

"ತೊಂಬತ್ತೆರಡು," ಎಂದು ಅವಳು ಗಟ್ಟಿಯಾಗಿ ಓದಿದಳು.

ಗಂಡ ಅಂಟಿನ ಬ್ರಷ್ಷಿನಿಂದ ತಲೆಯೆತ್ತಿದ. "ಒಳ್ಳೇದಾ, ಕೆಟ್ಟದ್ದಾ?"

"ಸರಿಯಾದದ್ದು," ಎಂದಳು. "ಮುದಿ ಇಲಿಗಳು ಚೆನ್ನಾಗೇ ಇದ್ವು ಕಣ್ರೀ. ಅವಕ್ಕೆ ಏನೂ ಆಗಿರಲಿಲ್ಲ." ಹೇಳುತ್ತಾ ಹೇಳುತ್ತಾ ಅಳು ಬಂತು, ತಡೆಯಲಾಗಲಿಲ್ಲ. ಗಂಡ ಬ್ರಷ್ಷನ್ನು ಹಾಗೇ ಬಟ್ಟಲಲ್ಲಿ ಬಿಟ್ಟು, ಇನ್ನೂ ಸಂಜೆಯಾಗದಿದ್ದರೂ ಎದ್ದು ಬಂದು ಅವಳ ಪಕ್ಕ ನಿಂತ.